ಯಾರಿಂದ ಬಂದಿಲ್ಲ ಅನ್ನೋದನ್ನ ಹೇಳುವ ಕೆಲಸ

2020ರ ಏಪ್ರಿಲ್‌ನಲ್ಲಿ ಬೆಂಗಳೂರಲ್ಲಿ ಎಲ್ಲರೂ ಹೆಲ್ತ್ ಬುಲೆಟಿನ್‌ಗೆ ಕಾಯುತ್ತಿದ್ದರು. ಪ್ರತಿ ರೋಗಿಗೂ ಒಂದು ಪಿ ನಂಬರ್. ಪಕ್ಕದಲ್ಲಿ ವಯಸ್ಸು, ಜಿಲ್ಲೆ, ಆಮೇಲೆ ಇಂಥ ಪಿ ನಂಬರಿನವರ ಸಂಪರ್ಕ ಅಂತ ಒಂದು ಸಾಲು. ಕೆಲವರ ಮುಂದೆ ಮಾತ್ರ ‘ಸಂಪರ್ಕ ಪತ್ತೆ ಹಚ್ಚಲಾಗುತ್ತಿದೆ’ ಅಂತ ಇರುತ್ತಿತ್ತು. ನಮ್ಮ ಲೇಔಟಿನ ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬ ಅಂಕಲ್ ಇದಕ್ಕೆಲ್ಲ ಬಾಣ ಹಾಕಿ ಚಿತ್ರ ಮಾಡಿ ಕಳಿಸುತ್ತಿದ್ದರು. ಯಾರಿಂದ ಯಾರಿಗೆ, ಅವರಿಂದ ಮತ್ಯಾರಿಗೆ. ಪಾದರಾಯನಪುರ, ಹೊಂಗಸಂದ್ರ ಅಂದರೆ ಸಾಕು, ಜನ ಮೂಗು ಮುರಿಯುತ್ತಿದ್ದರು. ನಂಜನಗೂಡಿನ ಔಷಧ ಕಾರ್ಖಾನೆಗೆ ಸೋಂಕು ಹೇಗೆ ಬಂತು ಅನ್ನೋದರ ಮೇಲೆ ಒಬ್ಬೊಬ್ಬರದು ಒಂದೊಂದು ಥಿಯರಿ.

ನನ್ನ ಕೆಲಸವೂ ಹೆಚ್ಚುಕಡಿಮೆ ಅಂಥದ್ದೇ ಚಿತ್ರ ಬರೆಯೋದು. ನನ್ನ ಕೈಗೆ ಬರುತ್ತಿದ್ದದ್ದು ಮಾತ್ರ ವೈರಸ್ಸಿನ ಜೀನೋಮ್, ಅಂದರೆ ಎ, ಸಿ, ಜಿ, ಟಿ ಅನ್ನೋ ನಾಲ್ಕೇ ಅಕ್ಷರಗಳಲ್ಲಿ ಬರೆದ ಅದರ ಆನುವಂಶಿಕ ಪಠ್ಯ. ಉತ್ತರ ಬೆಂಗಳೂರಿನ ಒಂದು ಲ್ಯಾಬಿನಲ್ಲಿ ನಾನು ಬಯೋಇನ್ಫರ್ಮ್ಯಾಟಿಕ್ಸ್ ಮಾಡುತ್ತೇನೆ. ಪೈಪೆಟ್ ಹಿಡಿಯೋದು ಅಪರೂಪ, ಕಂಪ್ಯೂಟರ್ ಮುಂದೆ ಕೂರೋದೇ ಜಾಸ್ತಿ. ಅದಕ್ಕೂ ಮುಂಚೆ ಕ್ಷಯರೋಗದ ಬ್ಯಾಕ್ಟೀರಿಯಾ ನೋಡಿಕೊಂಡಿದ್ದೆ. ಅದರ ಜೀನೋಮಿನಲ್ಲಿ ಸುಮಾರು 44 ಲಕ್ಷ ಅಕ್ಷರಗಳಿವೆ, ಬದಲಾಗೋದು ಮಾತ್ರ ವರ್ಷಕ್ಕೆ ಒಂದೂ ಇಲ್ಲ. ಕೊರೊನಾ ಅದಕ್ಕೆ ತದ್ವಿರುದ್ಧ. ಇರೋದೇ 29,903 ಅಕ್ಷರ, ತಿಂಗಳಿಗೆ ಸುಮಾರು ಎರಡು ಬದಲಾಗುತ್ತವೆ. ಹಿಂದಿನ ಕೆಲಸದಿಂದ ಇಲ್ಲಿಗೆ ಬಂದಾಗ ನನಗೆ ಇದು ಓಡುತ್ತಿದೆ ಅನಿಸಿತು. ಆದರೆ ಆರ್‌ಎನ್‌ಎ ವೈರಸ್‌ಗಳ ಪೈಕಿ ಕೊರೊನಾ ನಿಧಾನಸ್ಥ. ನಕಲು ಮಾಡುವಾಗ ಆದ ತಪ್ಪನ್ನು ತಿದ್ದುವ ಒಂದು ಕಿಣ್ವ ಇದರಲ್ಲಿ ಇದೆ. ಬೇರೆ ಬಹಳಷ್ಟು ಆರ್‌ಎನ್‌ಎ ವೈರಸ್‌ಗಳಲ್ಲಿ ಅದಿಲ್ಲ.

ತಿದ್ದಿಯೂ ಉಳಿದುಹೋದ ತಪ್ಪುಗಳೇ ನಮಗೆ ಬೇಕಾದ ಸುಳಿವು. ಹಳೇ ಓಲೆಗರಿ ಹಸ್ತಪ್ರತಿಗಳನ್ನು ಪರಿಷ್ಕರಿಸುವವರು ಮಾಡೋದೂ ಇದನ್ನೇ. ಲಿಪಿಕಾರ ಒಂದು ಕಡೆ ಕೈತಪ್ಪಿ ಬರೆದರೆ, ಆ ಪ್ರತಿಯನ್ನು ನೋಡಿ ಬರೆದ ಎಲ್ಲದರಲ್ಲೂ ಅದೇ ತಪ್ಪು ಮುಂದುವರಿಯುತ್ತದೆ. ಎರಡು ಪ್ರತಿಗಳಲ್ಲಿ ಒಂದೇ ವಿಚಿತ್ರ ತಪ್ಪು ಕಂಡರೆ ಎರಡರ ಹಿಂದೆಯೂ ಒಂದೇ ಮೂಲ ಇದೆ ಅನ್ನಬಹುದು. ಶಾಂಘೈನ ಜಾಂಗ್ ಯೊಂಗ್‌ಝೆನ್ ಅವರ ತಂಡ ಓದಿದ ಮೊದಲ ಜೀನೋಮ್ 2020ರ ಜನವರಿ 11ರ ಹೊತ್ತಿಗೆ ಎಲ್ಲರಿಗೂ ಸಿಕ್ಕಿತು. ಅಲ್ಲಿಂದ ಮುಂದೆ ಜಗತ್ತಿನ ಎಲ್ಲ ಲ್ಯಾಬುಗಳೂ ತಮಗೆ ಸಿಕ್ಕಿದ್ದನ್ನು ಅದರ ಪಕ್ಕ ಇಟ್ಟು ಎಲ್ಲೆಲ್ಲಿ ವ್ಯತ್ಯಾಸ ಅಂತ ನೋಡತೊಡಗಿದವು.

ಇಲ್ಲಿ ಒಂದು ಸಣ್ಣ ಲೆಕ್ಕ ಹಾಕಲೇಬೇಕು. ಒಬ್ಬರಿಂದ ಇನ್ನೊಬ್ಬರಿಗೆ ಸೋಂಕು ದಾಟೋಕೆ ಆಗ ಸರಾಸರಿ ಐದು ದಿನ ಹಿಡಿಯುತ್ತಿತ್ತು. ಅಂದರೆ ಒಂದು ಸರಪಳಿಯಲ್ಲಿ ತಿಂಗಳಿಗೆ ಆರು ಸಲ ದಾಟುತ್ತದೆ. ಆ ಆರರಲ್ಲಿ ಬದಲಾಗೋದು ಎರಡೇ ಅಕ್ಷರ. ಹಾಗಾಗಿ ಗಂಡನಿಂದ ಹೆಂಡತಿಗೆ ಬಂದಿದ್ದರೂ, ಹೆಂಡತಿಯಿಂದ ಗಂಡನಿಗೆ ಬಂದಿದ್ದರೂ, ಇಬ್ಬರಿಗೂ ಮೂರನೆಯವರಿಂದ ಬಂದಿದ್ದರೂ ಬಹಳಷ್ಟು ಸಲ ಜೀನೋಮ್ ಅಕ್ಷರಕ್ಕೆ ಅಕ್ಷರ ಒಂದೇ ಇರುತ್ತದೆ. ಬಾಣ ಯಾವ ಕಡೆಗೆ ಅಂತ ಬರೀ ಅದನ್ನು ನೋಡಿ ಹೇಳೋಕಾಗಲ್ಲ. ಎರಡು ಜೀನೋಮ್‌ಗಳಲ್ಲಿ ಏಳೆಂಟು ವ್ಯತ್ಯಾಸ ಇದ್ದರೆ ಮಾತ್ರ ಧೈರ್ಯವಾಗಿ ಹೇಳಬಹುದು: ಇದು ಹೋದ ವಾರ ಅವರಿಂದ ಇವರಿಗೆ ಬಂದದ್ದಲ್ಲ. ನಾನು ಮಾಡಿದ ಕೆಲಸದ ಸಾರ ಇಷ್ಟೇ. ಉಳಿದದ್ದೆಲ್ಲ ಅದನ್ನು ನಂಬಿಕೆಗೆ ಅರ್ಹವಾಗಿ ಹೇಳೋಕೆ ಬೇಕಾದ ತಯಾರಿ.

ತಯಾರಿ ಶುರುವಾಗೋದು ಸ್ವಾಬಿನಿಂದ. ಪಿಸಿಆರ್ ಟೆಸ್ಟ್ ಮುಗಿದ ಮೇಲೆ ಉಳಿದ ಆರ್‌ಎನ್‌ಎಯನ್ನು ನಮ್ಮ ಲ್ಯಾಬಿನ ಹುಡುಗಿಯರು ಡಿಎನ್‌ಎಗೆ ಬದಲಾಯಿಸಿ ಆರ್ಟಿಕ್ ಪ್ರೈಮರ್‌ಗಳಿಂದ (ನಕಲು ಎಲ್ಲಿಂದ ಶುರುವಾಗಬೇಕು ಅಂತ ಗುರುತು ಮಾಡುವ ಪುಟ್ಟ ಡಿಎನ್‌ಎ ತುಣುಕುಗಳು) ಹೆಚ್ಚಿಸುತ್ತಿದ್ದರು. ಆಗಿನ ಆ ಪ್ರೈಮರ್ ಸೆಟ್ಟಿನಲ್ಲಿ ಇಡೀ ಜೀನೋಮನ್ನು ಸುಮಾರು 400 ಅಕ್ಷರಗಳ 98 ತುಣುಕುಗಳಾಗಿ ಹಿಡಿಯುತ್ತಾರೆ. ಒಂದು ತುಣುಕಿನ ಕೊನೆ ಮುಂದಿನದರ ಶುರುವಿನ ಮೇಲೆ ಬರುತ್ತದೆ. ಅಕ್ಕಪಕ್ಕದವು ಒಂದೇ ಟ್ಯೂಬಿನಲ್ಲಿದ್ದರೆ ಗೊಂದಲ, ಅದಕ್ಕೇ ಎರಡು ಟ್ಯೂಬ್. ಸಿಟಿ ವ್ಯಾಲ್ಯೂ (ಪಿಸಿಆರ್‌ನಲ್ಲಿ ವೈರಸ್ ಎಷ್ಟನೇ ಸುತ್ತಿಗೆ ಕಂಡಿತು ಅನ್ನೋ ಲೆಕ್ಕ) 30 ದಾಟಿದ ಸ್ಯಾಂಪಲ್ ಅಂದರೆ ನಮಗೆ ಮೊದಲೇ ಗೊತ್ತಿರುತ್ತಿತ್ತು, ಅಲ್ಲಲ್ಲಿ ತೂತು ಬೀಳುತ್ತೆ ಅಂತ. ವೈರಸ್ಸೇ ಕಡಿಮೆ ಇದ್ದರೆ ಕೆಲವು ತುಣುಕು ಬರೋದೇ ಇಲ್ಲ. ಆ ಜಾಗದಲ್ಲಿ ನಾವು ಎನ್ ಅಂತ ತುಂಬುತ್ತೇವೆ. ಗೊತ್ತಿಲ್ಲ ಅಂತ ಅರ್ಥ. ಕೆಲವು ಪ್ರೋಗ್ರಾಮ್‌ಗಳು ಖಾಲಿ ಜಾಗಕ್ಕೆ ಸುಮ್ನೆ ಶಾಂಘೈನ ಆ ಮೂಲ ಜೀನೋಮಿನ ಅಕ್ಷರವನ್ನೇ ಹಾಕಿಬಿಡುತ್ತವೆ. ಆಗ ಆ ವೈರಸ್ ಇದ್ದದ್ದಕ್ಕಿಂತ ಹಳೇದಾಗಿ ಕಾಣುತ್ತದೆ. ಶುರುವಿನ ಹರಡುವಿಕೆ ಹುಡುಕುವವರಿಗೆ ಇದಕ್ಕಿಂತ ದೊಡ್ಡ ಮೋಸ ಬೇರೆ ಇಲ್ಲ.

ಆಮೇಲೆ ಕಣ್ಣಿನ ಕೆಲಸ. ಪೈಪ್‌ಲೈನ್ ಏನೇ ಹೇಳಲಿ, ಮುಖ್ಯವಾದ ಜಾಗಗಳನ್ನು ಐಜಿವಿ ಅನ್ನೋ ಜೀನೋಮ್ ನೋಡುವ ಪ್ರೋಗ್ರಾಮಿನಲ್ಲಿ ತೆಗೆದು ನೋಡದೆ ನಾನು ಬಿಡುತ್ತಿರಲಿಲ್ಲ. 23403ನೇ ಜಾಗ ಅಂತ ಟೈಪ್ ಮಾಡಿದರೆ ಬೂದು ಬಣ್ಣದ ಸಾಲುಗಳು ಒಂದರ ಕೆಳಗೊಂದು ಬರುತ್ತವೆ. ಒಂದೊಂದು ಸಾಲೂ ಯಂತ್ರ ಓದಿದ ಒಂದು ತುಣುಕು. ಎ ಇದ್ದ ಕಡೆ ಜಿ ಬಂದಿದ್ದರೆ ಆ ಕಾಲಂ ಮೇಲಿಂದ ಕೆಳಗಿನವರೆಗೆ ಬಣ್ಣದ ಗೆರೆಯಾಗಿ ಎದ್ದು ಕಾಣುತ್ತದೆ. ಇದೇ ಆಮೇಲೆ ಡಿ614ಜಿ ಅಂತ ಹೆಸರಾದ ಬದಲಾವಣೆ. ಗೆರೆ ತುಂಬು ಇದ್ದರೆ ನೆಮ್ಮದಿ. ಅರ್ಧ ಎ, ಅರ್ಧ ಜಿ ಇದ್ದರೆ ಅನುಮಾನ. ಒಬ್ಬರಲ್ಲೇ ಎರಡು ಥರದ ವೈರಸ್ ಇರಬಹುದು, ಆದರೆ ಸ್ಯಾಂಪಲ್ ಹಾಕುವ ಪ್ಲೇಟಿನ ಪಕ್ಕದ ಕುಳಿಯಿಂದ ಒಂದು ಹನಿ ಹಾರಿ ಬಂದಿರುವ ಸಾಧ್ಯತೆಯೇ ಹೆಚ್ಚು. ಆಗ ಪ್ಲೇಟಿನ ನಕ್ಷೆ ತೆಗೆದು ಅಕ್ಕಪಕ್ಕ ಯಾರಿದ್ದರು ನೋಡಬೇಕು. ನೀರು ಮಾತ್ರ ಹಾಕಿದ ನೆಗೆಟಿವ್ ಕಂಟ್ರೋಲಿನಲ್ಲಿ ವೈರಸ್ ಕಂಡರೆ ಇಡೀ ಪ್ಲೇಟನ್ನೇ ಬದಿಗಿಡೋದು. ಕಿಟ್ ಸಿಗದ ಲಾಕ್‌ಡೌನ್ ಕಾಲದಲ್ಲಿ ಹಾಗೆ ಬದಿಗಿಡೋಕೆ ಹೊಟ್ಟೆ ಉರಿಯುತ್ತಿತ್ತು. ಇಡಲೇಬೇಕಿತ್ತು.

ಇಷ್ಟೆಲ್ಲ ಆದರೂ ನನಗೆ ಅತಿ ಹೆಚ್ಚು ತಲೆ ತಿಂದದ್ದು ಜೀನೋಮ್ ಅಲ್ಲವೇ ಅಲ್ಲ. ಎಕ್ಸೆಲ್ ಶೀಟು.

ಸ್ಯಾಂಪಲ್ ಜೊತೆ ಒಂದು ಶೀಟ್ ಬರುತ್ತದೆ. ಐಡಿ, ವಯಸ್ಸು, ಜಿಲ್ಲೆ, ಸ್ಯಾಂಪಲ್ ತೆಗೆದ ದಿನ. ಅದರಲ್ಲಿ 04-05-2020 ಅಂತ ಇದೆ. ಮೇ 4 ಅಂತ ತಾನೇ ನಾವು ಓದೋದು? ಆದರೆ ಶೀಟ್ ತುಂಬಿದ ಲ್ಯಾಪ್‌ಟಾಪಿನ ಸೆಟ್ಟಿಂಗ್ ಅಮೆರಿಕದ್ದು. ಎಕ್ಸೆಲ್ ಅದನ್ನು ಏಪ್ರಿಲ್ 5 ಅಂತ ಇಟ್ಟುಕೊಂಡಿದೆ. 13ನೇ ತಾರೀಖಿನಿಂದ ಆಚೆಗೆ ತೊಂದರೆ ಇಲ್ಲ, ಹದಿಮೂರನೇ ತಿಂಗಳು ಇಲ್ಲವಲ್ಲ. 12ರವರೆಗಿನ ಎಲ್ಲ ದಿನಾಂಕವೂ ಅನುಮಾನ. ಹೀಗಾಗಿ ಒಂದೇ ಕಾಲಂನಲ್ಲಿ ಅರ್ಧ ಸರಿ, ಅರ್ಧ ತಲೆಕೆಳಗು. ಮೇಲಾಗಿ ಕೆಲವು ಕಡೆ ಸ್ಯಾಂಪಲ್ ತೆಗೆದ ದಿನದ ಬದಲು ರಿಪೋರ್ಟ್ ಬಂದ ದಿನ ಬರೆದಿರುತ್ತಾರೆ. ಬೆಂಗಳೂರು ಅನ್ನೋ ಒಂದು ಊರಿನ ಹೆಸರನ್ನು ಎಷ್ಟು ಥರ ಬರೆಯಬಹುದು ಅನ್ನೋದನ್ನೂ ನಾನು ಆಗಲೇ ಕಲಿತದ್ದು.

ಇದು ಗುಮಾಸ್ತಿಕೆಯ ಗೋಳು ಅಂತ ಅನಿಸಬಹುದು. ಆದರೆ ತಿಂಗಳಿಗೆ ಎರಡು ಬದಲಾವಣೆ ಅನ್ನೋ ಗಡಿಯಾರ ನಡೆಯೋದೇ ಈ ದಿನಾಂಕದ ಮೇಲೆ. ಒಂದು ತಿಂಗಳು ಆಚೀಚೆ ಆದರೆ ಎರಡು ಬದಲಾವಣೆ ಆಚೀಚೆ, ಅಷ್ಟರಲ್ಲಿ ಇಡೀ ಕ್ಲಸ್ಟರಿನ, ಅಂದರೆ ಒಂದಕ್ಕೊಂದು ನಂಟಿರುವ ಕೇಸುಗಳ ಗುಂಪಿನ, ಕಥೆಯೇ ಬೇರೆಯಾಗುತ್ತದೆ. ನಾನು ಐಡಿಗಳ ಕ್ರಮ ನೋಡಿ ಒಂದಷ್ಟು ಸರಿಮಾಡಿಕೊಂಡೆ. ಉಳಿದದ್ದಕ್ಕೆ ಫೋನ್. ಇನ್ನೂ ಉಳಿದದ್ದನ್ನು ಟ್ರೀಟೈಮ್ ಅನ್ನೋ ಪ್ರೋಗ್ರಾಮ್ ಹಿಡಿದುಕೊಟ್ಟಿತು. ಅದರಲ್ಲಿ ಅಡ್ಡಕ್ಕೆ ದಿನಾಂಕ, ಉದ್ದಕ್ಕೆ ವೈರಸ್‌ಗಳ ವಂಶವೃಕ್ಷದ ಬೇರಿನಿಂದ ಎಷ್ಟು ಬದಲಾವಣೆ ಅಂತ ಚುಕ್ಕಿ ಹಾಕಿದರೆ ಎಲ್ಲವೂ ಒಂದು ಏರುಗೆರೆಯ ಸುತ್ತಮುತ್ತ ಕೂರಬೇಕು. ಒಂದು ಚುಕ್ಕಿ ಮಾತ್ರ ದೂರ ನಿಂತಿದ್ದರೆ ಒಂದೋ ಸೀಕ್ವೆನ್ಸ್ (ನಾವು ಓದಿದ ಅಕ್ಷರಸಾಲು) ಕೆಟ್ಟಿದೆ, ಇಲ್ಲವೇ ದಿನಾಂಕ ತಪ್ಪಿದೆ.

ಟ್ರೀ, ಅಂದರೆ ಆ ವಂಶವೃಕ್ಷ, ಕಟ್ಟೋದು ಹೋಲಿಸಿದರೆ ಸಲೀಸು. ಮಾಫ್ಟ್‌ನಲ್ಲಿ ಎಲ್ಲ ಜೀನೋಮ್‌ಗಳನ್ನು ಸಾಲಾಗಿ ಜೋಡಿಸಿ, ಐಕ್ಯೂ-ಟ್ರೀಗೆ ಕೊಟ್ಟು, ಟೀ ಕುಡಿದು ಬರೋದು. ಜೋಡಿಸಿದ ಮೇಲೆ ಎರಡು ತುದಿಗಳನ್ನೂ ಕೆಲವು ತಂಟೆಕೋರ ಜಾಗಗಳನ್ನೂ ಮುಚ್ಚಿಬಿಡಬೇಕು. 11083ನೇ ಜಾಗ ಇದಕ್ಕೆ ಒಳ್ಳೇ ಉದಾಹರಣೆ. ಅಲ್ಲಿ ಒಂದೇ ಅಕ್ಷರ ಸಾಲಾಗಿ ಬರುತ್ತದೆ, ಜಿ ಇದ್ದದ್ದು ಟಿ ಆಗೋದು ಜಗತ್ತಿನಲ್ಲಿ ಮತ್ತೆ ಮತ್ತೆ ಬೇರೆ ಬೇರೆ ಕಡೆ ಆಗಿದೆ. ಅದನ್ನು ನಂಬಿ ಕೂತರೆ ಸಂಬಂಧವೇ ಇಲ್ಲದವರು ದಾಯಾದಿಗಳಾಗುತ್ತಾರೆ. ಈ ವೈರಸ್ಸಿನಲ್ಲಿ ಸಿ ಹೋಗಿ ಟಿ ಆಗೋದೂ ವಿಪರೀತ ಜಾಸ್ತಿ. ನಮ್ಮ ಜೀವಕೋಶದ ಕಿಣ್ವಗಳೇ ಅದನ್ನು ಮಾಡುತ್ತವೆ ಅನ್ನುವ ವಾದ ಬಲವಾಗಿದೆ. ಅದಕ್ಕೇ ಒಂದೇ ಒಂದು ಬದಲಾವಣೆ ಹಿಡಿದು ನಾನು ಯಾವತ್ತೂ ಕ್ಲಸ್ಟರ್ ಅನ್ನಲ್ಲ. ಎರಡು ಮೂರು ಒಟ್ಟಿಗೆ ಬರಬೇಕು.

ಒಂದು ಜಿಲ್ಲೆಯ ಆರೋಗ್ಯ ಅಧಿಕಾರಿ ಒಬ್ಬರು ನಮಗೆ ಆಗಾಗ ಫೋನ್ ಮಾಡುತ್ತಿದ್ದರು. ಒಳ್ಳೇ ಮನುಷ್ಯ, ನಿದ್ದೆ ಇಲ್ಲದೆ ದನಿ ಕಟ್ಟಿರುತ್ತಿತ್ತು. ಅವರ ಕಡೆ ಒಂದು ಕ್ಲಸ್ಟರ್ ಇತ್ತು. ಊರಿನವರೆಲ್ಲ ಹೊರಗಿನಿಂದ ಬಂದ ಒಬ್ಬರ ಮೇಲೆ ಬೆರಳು ತೋರಿಸುತ್ತಿದ್ದರು. ಕಾಗದದಲ್ಲೂ ಎಲ್ಲರೂ ಅವರ ಸಂಪರ್ಕ ಅಂತಲೇ ಬರೆದಿತ್ತು.

“ಮೇಡಂ, ಇವರಿಂದಾನೇ ಬಂತಾ ಇಲ್ವಾ, ಅಷ್ಟು ಹೇಳಿಬಿಡಿ ಸಾಕು.”

“ಸರ್, ಬಂದಿಲ್ಲ ಅಂತಾದ್ರೆ ಹೇಳ್ತೀನಿ. ಬಂದಿದೆ ಅಂತ ನಾನು ಹೇಳೋಕಾಗಲ್ಲ.”

“ಇದೊಳ್ಳೆ ಕಥೆ ಆಯ್ತಲ್ಲ ಮೇಡಂ.”

ಟ್ರೀ ಬಂತು. ಆ ವ್ಯಕ್ತಿಯ ವೈರಸ್ ಬಿ.1 ಕವಲಿನದ್ದು. ಯುರೋಪಿನಲ್ಲಿ ದೊಡ್ಡದಾಗಿ ಹರಡಿದ ಕವಲು ಅದು. 241, 3037, 14408, 23403 ಈ ನಾಲ್ಕು ಜಾಗಗಳಲ್ಲಿ ಬದಲಾವಣೆ. ಕ್ಲಸ್ಟರಿನ ಉಳಿದವರದ್ದು ಬಿ.6. ಅದರಲ್ಲಿ ಆ ನಾಲ್ಕೂ ಇಲ್ಲ, ಬದಲಿಗೆ 6312, 13730, 23929, 28311 ಬದಲಾಗಿವೆ. 11083 ಸೇರಿಸದೆಯೇ ಎಂಟು ವ್ಯತ್ಯಾಸ. ಎರಡು ಕವಲುಗಳೂ ಬೇರೆಬೇರೆಯಾಗಿ ಬದಲಾಗುತ್ತಾ ಬಂದಿರುತ್ತವೆ, ಹಾಗಾಗಿ ಎರಡೂ ಸೇರಿ ತಿಂಗಳಿಗೆ ನಾಲ್ಕು ಅಂತ ಹಿಡಿದರೂ ಅವು ಕವಲೊಡೆದು ಎರಡು ತಿಂಗಳಾದರೂ ಆಗಿರಬೇಕು. ಹೋದ ವಾರದ ಭೇಟಿಯಲ್ಲಿ ದಾಟಿದ್ದಂತೂ ಅಲ್ಲ. ಇದನ್ನು ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದ್ರೆ ಊರೊಳಗೇ ಬೇರೆ ಯಾರೋ ಇದ್ದಾರೆ” ಅಂದರು. ಅದು ನನ್ನ ಟ್ರೀಯಲ್ಲಿ ಇರಲಿಲ್ಲ, ಅವರ ತಲೆಯಿಂದ ಬಂದ ಮಾತು. ಕಾಂಟ್ಯಾಕ್ಟ್ ಟ್ರೇಸಿಂಗ್ ಮಾಡುವವರು ಜೊತೆಗಿಲ್ಲದಿದ್ದರೆ ಜೀನೋಮ್ ಅರ್ಧ ಉತ್ತರವನ್ನೂ ಕೊಡಲ್ಲ ಅಂತ ನಾನು ಹೇಳೋದು ಇದಕ್ಕೇ.

ಈ ಎರಡನ್ನೂ ಜೋಡಿಸಿ ಮಾಡಿದ ಒಳ್ಳೇ ಅಧ್ಯಯನ ನಮ್ಮ ಊರಲ್ಲೇ ಆಗಿದೆ. ರಾಜ್ಯದ ಮೊದಲ ಕೇಸ್ ಬಂದದ್ದು 2020ರ ಮಾರ್ಚ್ 8ಕ್ಕೆ. ಅಲ್ಲಿಂದ ಮೇ 21ರವರೆಗಿನ ಅವಧಿಯಲ್ಲಿ ನಿಮ್ಹಾನ್ಸ್‌ನ ವಿಜ್ಞಾನಿಗಳು 91 ಜೀನೋಮ್‌ಗಳನ್ನು ಓದಿ, ಅವುಗಳ ಸಂಪರ್ಕದ ವಿವರದ ಜೊತೆ ಇಟ್ಟು ನೋಡಿದರು. ಏಳು ಲಿನಿಯೇಜ್‌ಗಳು, ಅಂದರೆ ಕವಲುಗಳು, ಸಿಕ್ಕವು. ಅಂದರೆ ವೈರಸ್ ಕರ್ನಾಟಕಕ್ಕೆ ಒಂದೇ ಬಾಗಿಲಿನಿಂದ ಬಂದಿಲ್ಲ. 17 ಕ್ಲಸ್ಟರ್‌ಗಳಲ್ಲಿ 14ರೊಳಗೆ ಒಂದೊಂದೇ ಲಿನಿಯೇಜ್ ಇತ್ತು. ನಮ್ಮ ಆರೋಗ್ಯ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಬರೆದುಕೊಂಡು ಬಂದದ್ದು ಬಹುಪಾಲು ಸರಿಯಾಗಿಯೇ ಇತ್ತು ಅನ್ನೋದಕ್ಕೆ ನನಗೆ ಇದಕ್ಕಿಂತ ಸಾಕ್ಷಿ ಬೇಡ. 91ರಲ್ಲಿ 47 ಬಿ.6. ಯಾರ ಸಂಪರ್ಕವೂ ಗೊತ್ತಾಗದ 24 ಜನರಲ್ಲಿ 11 ಮಂದಿಯದ್ದೂ ಬಿ.6. ‘ಪತ್ತೆ ಹಚ್ಚಲಾಗುತ್ತಿದೆ’ ಅನ್ನೋ ಸಾಲಿನ ಹಿಂದೆ ಏನಿತ್ತು ಅಂತ ಅಲ್ಲಿ ಕಾಣುತ್ತದೆ: ಆ ಕವಲು ಆಗಲೇ ರಾಜ್ಯದೊಳಗೆ ತಾನಾಗೇ ಹರಡುತ್ತಿತ್ತು.

ಬಾಣ ಬರೆಯುವ ಆಸೆ ದೊಡ್ಡ ದೊಡ್ಡವರನ್ನೂ ಬಿಟ್ಟಿಲ್ಲ. 2020ರ ಜನವರಿ ಕೊನೆಯಲ್ಲಿ ಜರ್ಮನಿಯ ಬವೇರಿಯಾದಲ್ಲಿ ಒಂದು ಕಂಪನಿಯ ನೌಕರರಿಗೆ ಸೋಂಕು ಬಂತು. ಶಾಂಘೈನಿಂದ ಬಂದಿದ್ದ ಸಹೋದ್ಯೋಗಿಯಿಂದ ಬಂದದ್ದು. ಅಲ್ಲಿನ ವೈರಸ್ಸಿನಲ್ಲಿ 241, 3037, 23403 ಬದಲಾಗಿದ್ದವು, 14408 ಮಾತ್ರ ಇರಲಿಲ್ಲ. ಕೆಲವೇ ವಾರಗಳಲ್ಲಿ ಇಟಲಿ ಹೊತ್ತಿ ಉರಿಯಿತು. ಅಲ್ಲಿನದ್ದರಲ್ಲಿ ನಾಲ್ಕೂ ಇದ್ದವು. ಟ್ರೀಯಲ್ಲಿ ಬವೇರಿಯಾದ್ದು ಬುಡದಲ್ಲಿ, ಇಟಲಿಯದ್ದು ಅದರ ಮೇಲೆ. ನೋಡಿದ ಯಾರಿಗಾದರೂ ಬವೇರಿಯಾದಿಂದ ಇಟಲಿಗೆ ಹೋಯಿತು ಅಂತಲೇ ಅನಿಸುತ್ತದೆ, ಎಷ್ಟೋ ಜನ ಹಾಗೇ ಹೇಳಿದರು ಕೂಡ. ಆಮೇಲೆ ವೈರಸ್‌ಗಳ ವಿಕಾಸ ಅಧ್ಯಯನ ಮಾಡುವ ಮೈಕಲ್ ವೊರೊಬೀ ಮತ್ತು ಜೊತೆಗಾರರು ಕಂಪ್ಯೂಟರಿನಲ್ಲಿ ಆ ಹರಡುವಿಕೆಯನ್ನು ಮತ್ತೆ ಮತ್ತೆ ಓಡಿಸಿ ನೋಡಿದರು. ಬವೇರಿಯಾದ ಸರಪಳಿ ಅಲ್ಲೇ ತುಂಡಾಗಿ, ಅದರ ಹತ್ತಿರದ ಸಂಬಂಧಿ ವೈರಸ್ ಚೀನಾದಿಂದ ಬೇರೆಯಾಗಿ ಇಟಲಿಗೆ ಬಂದಿರುವ ಸಾಧ್ಯತೆಯೇ ಹೆಚ್ಚು ಅಂತ ಬಂತು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಮೊದಲ ಕೇಸಿನ ವಿಷಯದಲ್ಲೂ ಇದೇ ಆಯಿತು.

ಕಾರಣ ಸರಳ. ನಡುವೆ ಇದ್ದ ವೈರಸ್ಸನ್ನು ಚೀನಾದಲ್ಲಿ ಯಾರೂ ಸೀಕ್ವೆನ್ಸ್ ಮಾಡಿರದಿದ್ದರೆ ಟ್ರೀಯಲ್ಲಿ ಅದು ಇರೋದೇ ಇಲ್ಲ. ಯಾವ ದೇಶ ಜಾಸ್ತಿ ಸ್ಯಾಂಪಲ್ ಓದುತ್ತದೋ ಅದೇ ಎಲ್ಲದರ ಮೂಲದ ಹಾಗೆ ಕಾಣುತ್ತದೆ. ನಮ್ಮ ಬಿ.6 ವಿಷಯದಲ್ಲೂ ನಾನು ಇದನ್ನು ನೆನಪಿಟ್ಟುಕೊಂಡೇ ಮಾತಾಡುತ್ತಿದ್ದೆ. ಭಾರತದ ಬಿ.6ಗೆ ಹತ್ತಿರದ ಜೀನೋಮ್‌ಗಳು ಆಗ್ನೇಯ ಏಷ್ಯಾದಲ್ಲಿ ಸಿಗುತ್ತವೆ. ಅಲ್ಲಿಂದ ಇಲ್ಲಿಗೆ ಬಂತಾ, ಎರಡೂ ಕಡೆಗೆ ಮೂರನೇ ಜಾಗದಿಂದ ಬಂತಾ? ಬರೀ ಟ್ರೀ ನೋಡಿ ನಾನು ಬಾಣ ಹಾಕಲ್ಲ.

ಶುರುವಿನ ಶುರುವಿಗೆ ಹೋದರೆ ಇದೇ ತೊಡಕು ಇನ್ನೂ ಗಟ್ಟಿ. ವುಹಾನಿನ ಆರಂಭದ ಜೀನೋಮ್‌ಗಳು ಎ, ಬಿ ಅಂತ ಎರಡು ಕವಲು. ವ್ಯತ್ಯಾಸ ಎರಡೇ ಜಾಗದಲ್ಲಿ, 8782 ಮತ್ತು 28144. ನಾವೆಲ್ಲ ಮೂಲ ಅಂತ ಇಟ್ಟುಕೊಂಡಿರುವ ಜೀನೋಮ್ ಬಿ ಕವಲಿನದ್ದು. ಆದರೆ ಬಾವಲಿಗಳ ಹತ್ತಿರದ ವೈರಸ್‌ಗಳಲ್ಲಿ ಆ ಎರಡು ಜಾಗದಲ್ಲಿ ಇರೋದು ಎ ಕವಲಿನ ಅಕ್ಷರಗಳು. ಹಾಗಿದ್ದರೆ ಎ ಹಳೇದಾ? ಹಾಗಂತ ಥಟ್ಟನೆ ಹೇಳೋಕೂ ಆಗಲ್ಲ, ಆ ಬಾವಲಿ ವೈರಸ್ಸಿಗೂ ಇದಕ್ಕೂ ನಡುವೆ ಸುಮಾರು ಸಾವಿರ ಅಕ್ಷರಗಳ ದೂರ ಇದೆ. ಎರಡು ಕವಲೂ ಪ್ರಾಣಿಯಿಂದ ಮನುಷ್ಯರಿಗೆ ಬೇರೆಬೇರೆಯಾಗಿ ದಾಟಿದವು ಅಂತ 2022ರಲ್ಲಿ ಒಂದು ಅಧ್ಯಯನ ವಾದಿಸಿತು, ಅದರ ಮೇಲೆ ಚರ್ಚೆಯೂ ನಡೆಯಿತು. ನನ್ನ ಹತ್ತಿರ ಬರುವ ವಿದ್ಯಾರ್ಥಿಗಳಿಗೆ ಇದರಲ್ಲಿ ಒಂದೇ ವಿಷಯ ಒತ್ತಿ ಹೇಳುತ್ತೇನೆ. ಕಂಪ್ಯೂಟರ್ ‘ಮ್ಯುಟೇಶನ್’ ಅಂತ ಪಟ್ಟಿ ಕೊಟ್ಟರೆ ಅದು ಆ ಒಂದು ಜೀನೋಮಿಗೆ ಹೋಲಿಸಿದ ವ್ಯತ್ಯಾಸ, ಅಷ್ಟೇ. ಯಾವುದು ಮೊದಲು, ಯಾವುದು ಆಮೇಲೆ ಅನ್ನೋದು ಆ ಪಟ್ಟಿಯಲ್ಲಿಲ್ಲ.

2020ರ ಮಧ್ಯದ ಹೊತ್ತಿಗೆ ಬಿ.6 ಕರಗಿತು. ನಮ್ಮ ಶೀಟುಗಳಲ್ಲಿ 23403ರಲ್ಲಿ ಜಿ ಇರುವವೇ ತುಂಬಿಕೊಂಡವು. ಆ ವರ್ಷದ ಡಿಸೆಂಬರಿನಲ್ಲಿ ಇನ್ಸಾಕಾಗ್ ಶುರುವಾಗಿ ಸೀಕ್ವೆನ್ಸಿಂಗ್‌ಗೆ ದೇಶಮಟ್ಟದ ವ್ಯವಸ್ಥೆ ಬಂತು. 2021ರ ಡಿಸೆಂಬರ್ 2ರಂದು ದೇಶದ ಮೊದಲ ಎರಡು ಓಮಿಕ್ರಾನ್ ಕೇಸುಗಳು ಘೋಷಣೆಯಾದದ್ದು ನಮ್ಮ ಬೆಂಗಳೂರಿನದ್ದೇ. ಇಬ್ಬರಲ್ಲಿ ಒಬ್ಬರು ವಿದೇಶಕ್ಕೆ ಹೋಗಿಯೇ ಇರಲಿಲ್ಲ. ಟಿವಿಯವರು ಅವರಿಗೆ ಯಾರಿಂದ ಬಂತು ಅಂತ ಇಡೀ ದಿನ ಕೇಳಿದರು. ನಮಗೆ ಗೊತ್ತಾದದ್ದು ಇಷ್ಟು: ವಿಮಾನ ನಿಲ್ದಾಣದಲ್ಲಿ ಕಾವಲು ಹಾಕೋ ಹೊತ್ತಿಗೆ ಅದು ಊರೊಳಗೆ ಬಂದಾಗಿತ್ತು.

ನೀವೇ ಮಾಡಿ ನೋಡಬೇಕು ಅಂದರೆ ದೊಡ್ಡ ಸರ್ವರ್ ಏನೂ ಬೇಡ. 2020ರ ಮಾರ್ಚ್‌ನಿಂದ ಜೂನ್‌ವರೆಗಿನ ಭಾರತದ ಜೀನೋಮ್‌ಗಳನ್ನು ಜೆನ್‌ಬ್ಯಾಂಕ್ ಅನ್ನೋ ಮುಕ್ತ ಭಂಡಾರದಿಂದ ಇಳಿಸಿಕೊಳ್ಳಿ. ಗಿಸೈಡ್‌ನಲ್ಲಿ ಇನ್ನೂ ಹೆಚ್ಚು ಇವೆ, ಆದರೆ ಅಲ್ಲಿ ನೋಂದಣಿ ಮಾಡಿಕೊಳ್ಳಬೇಕು, ಸ್ಯಾಂಪಲ್ ಕೊಟ್ಟ ಲ್ಯಾಬುಗಳ ಹೆಸರು ಹಾಕಬೇಕು. ಹಾಕಿ, ಅವರ ದುಡಿಮೆ ಅದು. ಇವನ್ನು ಪರಿಶೀಲಿಸುವ ನೆಕ್ಸ್ಟ್‌ಕ್ಲೇಡ್ ಅನ್ನೋ ಪ್ರೋಗ್ರಾಮ್ ಬ್ರೌಸರಿನಲ್ಲೇ ಓಡುತ್ತದೆ, ಸಾಧಾರಣ ಲ್ಯಾಪ್‌ಟಾಪ್ ಸಾಕು. ಫೈಲ್ ಎಳೆದು ಹಾಕಿದರೆ ಯಾವ ಕವಲು, ಎಲ್ಲೆಲ್ಲಿ ವ್ಯತ್ಯಾಸ, ಎಷ್ಟು ಎನ್ ಅಂತ ತೋರಿಸುತ್ತದೆ. ಕೆಂಪು ಗುರುತು ಬಂದ ಸೀಕ್ವೆನ್ಸ್‌ಗಳನ್ನು ಮೊದಲು ಬದಿಗಿಡಿ. ಆಮೇಲೆ 23403 ಮತ್ತು 28311 ನೋಡುತ್ತಾ ದಿನಾಂಕದ ಪ್ರಕಾರ ಜೋಡಿಸಿ. ಬಿ.6 ಇಳಿಯೋದು, ಬಿ.1 ಏರೋದು ನಿಮ್ಮ ಸ್ಕ್ರೀನಿನ ಮೇಲೇ ಕಾಣುತ್ತದೆ. ದಿನಾಂಕದ ಜಾಗದಲ್ಲಿ ಬರೀ ‘2020’ ಅಂತ ಇರುವವನ್ನು ಮಾತ್ರ ಸೇರಿಸಬೇಡಿ, ಕೆಲವು ಪ್ರೋಗ್ರಾಮ್‌ಗಳು ಅದನ್ನು ಜನವರಿ 1 ಅಂತ ಓದಿಕೊಳ್ಳುತ್ತವೆ.